ಕಥೆಯ ರಾಜಧಾನಿಗೆ ನೆಲ ಹುಡುಕುವುದು ಹೇಗೆ: ಹಾಸನ, ಚಿಕ್ಕಮಗಳೂರು ನೋಡಿ ಕಲಿತ ಸಮಗ್ರ ಮಾರ್ಗದರ್ಶಿ

ಮೂರು ವರ್ಷದ ಹಿಂದೆ ಒಂದು ಫ್ಯಾಂಟಸಿ ಕಾದಂಬರಿಗೆ ಕೈ ಹಾಕಿದೆ. ಕಥೆಗಿಂತ ಮೊದಲು ನಕ್ಷೆ ಬರೆದೆ. ಹಾಳೆಯ ನಡುವೆ ರಾಜಧಾನಿ, ಸುತ್ತ ಬೇಲಿ ಹಾಕಿದ ಹಾಗೆ ಬೆಟ್ಟ. ಬೆಟ್ಟದಿಂದ ಬಂದ ಹೊಳೆ ಕೋಟೆಯ ಮುಂದೆ ಎರಡಾಗಿ ಒಡೆದು ಎರಡು ಸಮುದ್ರಕ್ಕೆ ಹೋಗುತ್ತಿತ್ತು. ನೋಡೋಕೆ ಚೆಂದ ಇತ್ತು. ಸಕಲೇಶಪುರದ ನಮ್ಮ ಚಿಕ್ಕಪ್ಪನಿಗೆ ತೋರಿಸಿದೆ. ಅವರು ತೋಟದಲ್ಲಿ ನಲವತ್ತು ಮಳೆಗಾಲ ಕಂಡವರು. ಕನ್ನಡಕ ಏರಿಸಿ, ಹೊಳೆಯ ಮೇಲೆ ಬೆರಳಿಟ್ಟು ಕೇಳಿದರು: "ಇದು ಇಲ್ಲಿ ಗುಡ್ಡ ಹತ್ತುತ್ತಲ್ಲ, ಯಾರು ಹತ್ತಿಸಿದ್ದು?"

ಆ ಹಾಳೆ ಒಲೆಗೆ ಹೋಯಿತು. ಆಮೇಲೆ ಕಲಿತದ್ದು ಇಷ್ಟು: ರಾಜಧಾನಿಯನ್ನು ಕೊನೆಗೆ ಇಡಬೇಕು. ಮೊದಲು ಇಳಿಜಾರು, ಆಮೇಲೆ ಕಲ್ಲು, ಮಳೆ, ಹೊಳೆ. ಇವು ನಾಲ್ಕೂ ಕೂತ ಮೇಲೆ ಊರು ಎಲ್ಲಿರಬೇಕು ಎಂದು ನೆಲವೇ ತೋರಿಸುತ್ತದೆ. ಕಲಿಯೋಕೆ ನಮ್ಮ ಎರಡು ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ನಾನು ನೋಡಿಲ್ಲ. ಒಂದೇ ದಿನದ ಬಸ್ ಪ್ರಯಾಣದಲ್ಲಿ ಜಿಗಣೆ ಕಾಡೂ ಸಿಗುತ್ತದೆ, ತೆಂಗಿನ ಬಯಲೂ ಸಿಗುತ್ತದೆ.

ನನ್ನ ಕಥೆಯ ರಾಜಧಾನಿಯ ಹೆಸರು ತೂಬಿನಕೋಟೆ. ಉದಾಹರಣೆಗೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಹಂತ 1: ಹಾಳೆ ಮತ್ತು ಅಳತೆ

ಒಂದು ಎ4 ಹಾಳೆಯನ್ನು ಅಡ್ಡ ಇಡಿ. 1 ಸೆಂ.ಮೀ.ಗೆ 5 ಕಿ.ಮೀ. ಎಂದು ಅಳತೆ ಹಾಕಿ. ಹಾಳೆ ಸುಮಾರು 148 ಕಿ.ಮೀ. ಅಗಲ, 105 ಕಿ.ಮೀ. ಎತ್ತರದ ನಾಡಾಗುತ್ತದೆ. ಶಿರಾಡಿ ಘಾಟಿಯ ಕೆಳಗಿನಿಂದ ಅರಸೀಕೆರೆಯ ಆಚೆಯವರೆಗೆ ಇದರಲ್ಲಿ ಹಿಡಿಸುತ್ತದೆ. ಒಂದು ರಾಜಧಾನಿಯ ಸುತ್ತ ಇಷ್ಟು ಸಾಕು. ಇಡೀ ಭೂಖಂಡ ಬರೆಯುವ ಆಸೆ ಬಿಡಿ. ಪೆನ್ಸಿಲ್ ಬೇಕೇ ಬೇಕು, ಪೆನ್ ಬೇಡ.

ಕಂಪ್ಯೂಟರ್ ಇದ್ದವರು ಇಸ್ರೋದ ಭುವನ್ ಜಾಲತಾಣದಲ್ಲಿ ನಿಜವಾದ ನೆಲ ನೋಡಬಹುದು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳಲ್ಲಿ ಎತ್ತರದ ಗೆರೆಗಳೂ ಇರುತ್ತವೆ. ಗೆರೆ ಒತ್ತಾಗಿದ್ದರೆ ಕಡಿದಾದ ಜಾಗ, ದೂರ ದೂರ ಇದ್ದರೆ ಸಪಾಟು. ಇದನ್ನು ಓದೋಕೆ ಬಂದರೆ ಅರ್ಧ ಕೆಲಸ ಆದ ಹಾಗೆ.

ಹಂತ 2: ಮೊದಲು ಸೀಳಿ ನೋಡಿ

ನಕ್ಷೆ ಎಂದರೆ ಮೇಲಿನಿಂದ ನೋಡುವುದು. ಅದಕ್ಕೆ ಮೊದಲು ನೆಲವನ್ನು ಹಲಸಿನ ಹಣ್ಣಿನ ಹಾಗೆ ಸೀಳಿ, ಪಕ್ಕದಿಂದ ನೋಡಿ. ಪಶ್ಚಿಮದಿಂದ ಪೂರ್ವಕ್ಕೆ ಒಂದು ಗೆರೆ ಎಳೆಯಿರಿ, ಎತ್ತರ ಬರೆಯುತ್ತಾ ಹೋಗಿ.

ನಮ್ಮಲ್ಲಿ ಆ ಗೆರೆ ಹೀಗಿದೆ. ಕರಾವಳಿಯಲ್ಲಿ ಸೊನ್ನೆ. ಘಟ್ಟದ ಬುಡದವರೆಗೆ ನಿಧಾನ ಏರು. ಆಮೇಲೆ ಗೋಡೆ ಹತ್ತಿದ ಹಾಗೆ ಒಂದೇ ಏರು, ಸಕಲೇಶಪುರಕ್ಕೆ ಬರುವಾಗ 900 ಮೀಟರ್ ದಾಟಿರುತ್ತೀರಿ. ಹಾಸನ ಸುಮಾರು 970. ಅರಸೀಕೆರೆ ಸುಮಾರು 800. ಗಮನಿಸಿದಿರಾ? ಘಟ್ಟದ ಈಚೆ ಬದಿಯಲ್ಲಿ ಇಳಿಜಾರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೊಸಬರು ಬೆಟ್ಟದ ಸಾಲನ್ನು ಮನೆಯ ಮಾಡಿನ ಹಾಗೆ ಬರೆಯುತ್ತಾರೆ, ಎರಡೂ ಕಡೆ ಸಮ ಇಳಿಜಾರು. ನಮ್ಮ ಘಟ್ಟ ಮಾಡು ಅಲ್ಲ, ಜಗಲಿ. ಒಂದು ಕಡೆಯಿಂದ ಹತ್ತಿದರೆ ಮೇಲೆ ಅಂಗಳ.

ಯಾಕೆ ಹೀಗೆ? ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಸುಮಾರು 9 ಕೋಟಿ ವರ್ಷದ ಹಿಂದೆ ಬೇರೆಯಾದವು. ಹರಿದ ಅಂಚು ಕಡಿದಾಗಿ ಉಳಿಯಿತು. ಅಲ್ಲಿಂದ ಮಳೆಯೂ ಹೊಳೆಯೂ ಆ ಅಂಚನ್ನು ಕೊರೆಯುತ್ತಾ ಬಂದಿವೆ. ನಿಮ್ಮ ಕಥೆಯ ನಾಡಿಗೂ ಇಂಥ ಒಂದು ಹಳೆಯ ಘಟನೆ ಬೇಕು. ಓದುಗರಿಗೆ ಹೇಳಬೇಕಿಲ್ಲ. ನಿಮಗೆ ಗೊತ್ತಿದ್ದರೆ ಸಾಕು, ಬೆಟ್ಟ ಸುಮ್ನೆ ಬಂದು ಕೂತ ಹಾಗೆ ಕಾಣುವುದಿಲ್ಲ.

ಹಂತ 3: ಕಲ್ಲು

ಇದು ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಉದ್ದ ಆಗುತ್ತದೆ. ಅವಸರ ಇದ್ದವರು ಮಳೆಗೆ ಹಾರಬಹುದು.

ಕಥೆಯ ನಾಡಿಗೆ ಮೂರು ಬಗೆಯ ಕಲ್ಲು ಸಾಕು: ತಳಕ್ಕೆ ಒಂದು, ಬೆಟ್ಟದ ತಲೆಗೆ ಒಂದು, ಕೆತ್ತೋಕೆ ಒಂದು.

ತಳದ ಕಲ್ಲು ನಮ್ಮಲ್ಲಿ ನೈಸ್ (gneiss) ಎಂಬ ಕಲ್ಲು. ಬೂದು ಬಣ್ಣ, ಮೈಮೇಲೆ ಬಿಳಿ ಕಪ್ಪು ಪಟ್ಟೆ. ಗೊರೂರಿನ ಸುತ್ತ ಇರುವ ನೈಸ್‌ಗೆ ಸುಮಾರು 330 ಕೋಟಿ ವರ್ಷ. ದಕ್ಷಿಣ ಭಾರತದ ಅತಿ ಹಳೆಯ ಕಲ್ಲುಗಳಲ್ಲಿ ಇದೂ ಒಂದು. ಹಿಮಾಲಯ ಏಳೋಕೆ ಶುರುವಾಗಿ ಹೆಚ್ಚೂ ಕಡಿಮೆ 5 ಕೋಟಿ ವರ್ಷ ಅಷ್ಟೇ. ಇಷ್ಟು ಹಳೆಯ ನೆಲದಲ್ಲಿ ಚೂಪು ಶಿಖರ ಇರುವುದಿಲ್ಲ. ಎಲ್ಲ ಸವೆದು ದುಂಡಾಗಿರುತ್ತದೆ. ಗ್ರಾನೈಟ್ ಬಂಡೆಯಾದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಕಳಚಿ ಗುಂಡಗೆ ಉಳಿಯುತ್ತದೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಲೆಯ ಕಲ್ಲು ಬೇಕಾದರೆ ಬಾಬಾಬುಡನ್ ಗಿರಿಗೆ ಬನ್ನಿ. ಇಲ್ಲಿ ಬೆಟ್ಟಸಾಲು ಕುದುರೆ ಲಾಳದ ಆಕಾರದಲ್ಲಿ ಬಾಗಿದೆ. ಚಂದ್ರದ್ರೋಣ ಅನ್ನುವ ಹೆಸರು ಅದಕ್ಕೆ ಹೊಂದುತ್ತದೆ. ಒಳಗೆ ಜಾಗರ ಕಣಿವೆ. ಸಾಲಿನ ಮೇಲೆ ಮುಳ್ಳಯ್ಯನಗಿರಿ, 1930 ಮೀಟರ್, ರಾಜ್ಯಕ್ಕೇ ಎತ್ತರ. ಈ ಸಾಲಿನ ಕಲ್ಲುಗಳು ತಳದ ನೈಸ್‌ಗಿಂತ ವಯಸ್ಸಿನಲ್ಲಿ ಚಿಕ್ಕವು, 270ರಿಂದ 290 ಕೋಟಿ ವರ್ಷ. ಹಳೆಯ ಲಾವಾ ಇದೆ, ಮರಳು ಗಟ್ಟಿಯಾದ ಕಲ್ಲಿದೆ. ಎಲ್ಲಕ್ಕಿಂತ ಮೇಲೆ ಕಬ್ಬಿಣದ ಪಟ್ಟೆಕಲ್ಲು. ಸಮುದ್ರದ ತಳದಲ್ಲಿ ಕಬ್ಬಿಣವೂ ಸಿಲಿಕಾವೂ ಒಂದರ ಮೇಲೊಂದು ಕೂತು ಆದದ್ದು. ಮೆದು ಕಲ್ಲು ಮಳೆಗೆ ಕರಗಿ ಹೋಯಿತು, ಈ ಗಟ್ಟಿ ಪಟ್ಟೆ ತಲೆ ಎತ್ತಿ ನಿಂತಿತು. ಅಂದರೆ ಇಲ್ಲಿನ ಬೆಟ್ಟ ಎತ್ತರಕ್ಕೆ ಬೆಳೆದದ್ದಕ್ಕಿಂತ ಸುತ್ತಲಿನ ನೆಲ ತಗ್ಗಿ ಹೋದದ್ದು ಜಾಸ್ತಿ. ಕೆಮ್ಮಣ್ಣುಗುಂಡಿಯ ಹೆಸರೇ ಇದಕ್ಕೆ ಸಾಕ್ಷಿ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದಲೇ.

ಇನ್ನೊಂದು ಮಾತು, ಹೇಳದೆ ಇರೋಕೆ ಆಗುವುದಿಲ್ಲ. ಚಿಕ್ಕಮಗಳೂರಿನ ಪಕ್ಕದ ಕರ್ತಿಕೆರೆಯ ಹತ್ತಿರ ಬೆಣಚುಕಲ್ಲಿನ ಉರುಟು ಗುಂಡುಗಳು ಗಟ್ಟಿ ಬಂಡೆಯೊಳಗೆ ಹುದುಗಿ ಕೂತಿವೆ. ಹರಿಯುವ ನೀರಿನಲ್ಲಿ ಉರುಳದೆ ಕಲ್ಲು ಹಾಗೆ ದುಂಡಗಾಗುವುದಿಲ್ಲ. ಗಿಡ ಇಲ್ಲ, ಮೀನಿಲ್ಲ, ಉಸಿರಾಡೋಕೆ ಗಾಳಿಯಲ್ಲಿ ಆಮ್ಲಜನಕವೂ ಇಲ್ಲದ ಕಾಲದಲ್ಲಿ ಅಲ್ಲೊಂದು ಹೊಳೆ ಹರಿದಿತ್ತು. ನನ್ನ ಕಾದಂಬರಿಯಲ್ಲಿ ಪೂಜಾರಿಗಳು ಇಂಥ ಬಂಡೆಯನ್ನು "ಸತ್ತ ಹೊಳೆ" ಎಂದು ಪೂಜಿಸುತ್ತಾರೆ. ಎಲ್ಲವನ್ನೂ ಕಲ್ಪಿಸಿಕೊಳ್ಳಬೇಕಾಗಿಲ್ಲ ನೋಡಿ.

ಕೆತ್ತುವ ಕಲ್ಲು ಬಳಪದ ಕಲ್ಲು. ಅದರ ವಿಷಯ ಊರು ಕಟ್ಟುವಾಗ ಬರುತ್ತದೆ.

ಈಗ ಮಾಡಬೇಕಾದ್ದು: ಹಾಳೆಯ ಮೇಲೆ ಮೂರು ಬಣ್ಣದಲ್ಲಿ ಕಲ್ಲಿನ ಜಾಗ ಗುರುತು ಹಾಕಿ. ತಳದ ಕಲ್ಲು ಎಲ್ಲೆಲ್ಲೂ ಇರಲಿ. ಬೆಟ್ಟದ ಕಲ್ಲು ಉದ್ದ ಕಿರಿದಾದ ಪಟ್ಟಿಯಾಗಿರಲಿ, ಒಂದು ಕಡೆ ಬಾಗಲಿ. ಗಣಿ ಬೇಕಾದರೆ ಆ ಪಟ್ಟಿಯೊಳಗೇ ಇಡಿ. ನಮ್ಮಲ್ಲೂ ಹಾಗೇ. ಕುದುರೆಮುಖದ ಕಬ್ಬಿಣ, ನುಗ್ಗೇಹಳ್ಳಿ ಸುತ್ತಿನ ಕ್ರೋಮೈಟ್ ಅದಿರು, ಎರಡೂ ಇಂಥ ಪಟ್ಟಿಗಳಲ್ಲೇ ಸಿಕ್ಕಿದ್ದು. ಬೇಕಾದ ಕಡೆ ಚಿನ್ನ, ಬೇಡದ ಕಡೆ ಜ್ವಾಲಾಮುಖಿ ಇಡಬೇಡಿ. ಹಳೆಯ, ತಣ್ಣಗಾದ ನೆಲದಲ್ಲಿ ಬೆಂಕಿ ಕಾರುವ ಬೆಟ್ಟ ಮದುವೆ ಮನೆಗೆ ಕರೆಯದೆ ಬಂದ ನೆಂಟನ ಹಾಗೆ.

ಹಂತ 4: ಮಳೆ

ಗಾಳಿ ಯಾವ ಕಡೆಯಿಂದ ಬರುತ್ತದೆ? ಒಂದು ಬಾಣ ಹಾಕಿ. ನಮ್ಮಲ್ಲಿ ಜೂನ್‌ನಲ್ಲಿ ನೈಋತ್ಯದಿಂದ. ಸಮುದ್ರದ ಒದ್ದೆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮೇಲೆ ತಣ್ಣಗಾಗಿ ನೀರು ಸುರಿಸುತ್ತದೆ, ಈಚೆಗೆ ಬರುವಾಗ ಒಣಗಿರುತ್ತದೆ. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿ.ಮೀ. ದಾಟುತ್ತದೆ. ನೇರ ಗೆರೆಯಲ್ಲಿ ಸುಮಾರು 65 ಕಿ.ಮೀ. ಆಚೆ ಅರಸೀಕೆರೆಯಲ್ಲಿ 700ರ ಆಸುಪಾಸು. ನಿಮ್ಮ ಹಾಳೆಯ ಮೇಲೆ ಇದು ಬರೀ 13 ಸೆಂ.ಮೀ.

ಗಾಳಿಯ ಬಾಣದ ಎದುರಿನ ಬೆಟ್ಟಕ್ಕೆ ಕಡು ನೀಲಿ, ಬೆನ್ನಿಗೆ ತೆಳು ನೀಲಿ, ಆಚೆ ಹಳದಿ ಹಚ್ಚಿ. ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಮೂರೂ ಬಂದವು. ಆ ನಡುವಿನ ಅರೆಮಲೆನಾಡಿನ ಮೇಲೆ ಒಂದು ಕಣ್ಣಿಟ್ಟಿರಿ.

ಚಳಿ ಲೆಕ್ಕಕ್ಕೆ ಒಂದು ಸೂತ್ರ ಸಾಕು: ಪ್ರತಿ 1000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆ. ಚಿಕ್ಕಮಗಳೂರು ಪೇಟೆ ಸುಮಾರು 1090 ಮೀಟರ್‌ನಲ್ಲಿದೆ. ಅಲ್ಲಿಂದ ಮುಳ್ಳಯ್ಯನಗಿರಿಯ ತುದಿಗೆ ಐದೂವರೆ ಡಿಗ್ರಿ ಇಳಿಯುತ್ತದೆ. ಹಿಮ ಬೀಳುವುದಿಲ್ಲ. ಹಿಮ ಬೇಕೆಂದರೆ ಬೆಟ್ಟವನ್ನು ಮೂರು ಪಟ್ಟು ಎತ್ತರಿಸಿ ಅಥವಾ ನಾಡನ್ನೇ ಉತ್ತರಕ್ಕೆ ಎತ್ತಿಕೊಂಡು ಹೋಗಿ.

ಹಂತ 5: ಹೊಳೆ

ನಿಯಮ ಕೆಲವೇ. ನೀರು ತಗ್ಗಿಗೆ ಹರಿಯುತ್ತದೆ. ಹೊಳೆಗಳು ಸೇರುತ್ತವೆ, ಒಡೆಯುವುದಿಲ್ಲ. ಸಮುದ್ರದ ಬಾಯಲ್ಲಿ ಕವಲೊಡೆಯುವುದು ಬೇರೆ ಮಾತು. ಕೆರೆಗೆ ಕೋಡಿ, ಅಂದರೆ ತುಂಬಿದ ನೀರು ಹೊರಗೆ ಹೋಗುವ ದಾರಿ, ಸಾಮಾನ್ಯವಾಗಿ ಒಂದೇ.

ಎರಡು ಸಮುದ್ರದ ನನ್ನ ಹುಚ್ಚು ಆಸೆ ಮಾತ್ರ ಪೂರ್ತಿ ತಪ್ಪಲ್ಲ ಎಂದು ಆಮೇಲೆ ತಿಳಿಯಿತು. ಒಂದು ಹೊಳೆ ಎರಡು ಸಮುದ್ರಕ್ಕೆ ಹೋಗುವುದಿಲ್ಲ, ಆದರೆ ಒಂದು ಗುಡ್ಡ ಎರಡಕ್ಕೂ ನೀರು ಕೊಡುತ್ತದೆ. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ ಪೂರ್ವಕ್ಕೆ ಹೋಗಿ ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತವೆ. ಅಲ್ಲೇ ಹುಟ್ಟುವ ನೇತ್ರಾವತಿ ಮಂಗಳೂರಿಗೆ ಇಳಿಯುತ್ತದೆ. ಬಿಸಿಲೆಯ ಹತ್ತಿರ ಮಂಕನಹಳ್ಳಿಯಲ್ಲಿ ಒಂದು ಕಲ್ಲೇ ನೆಟ್ಟಿದೆ: ಈ ಕಡೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಅಲ್ಲಿ ನಿಂತು ಕಾಲು ಆಚೆ ಈಚೆ ಹಾಕದವರು ಯಾರಿದ್ದಾರೆ?

ಹಾಗಾಗಿ ಮೊದಲು ಬೆಟ್ಟದ ನೆತ್ತಿಯ ಗೆರೆ ಎಳೆಯಿರಿ. ಹೊಳೆ ಆ ಗೆರೆಯನ್ನು ದಾಟಬಾರದು. ಪಶ್ಚಿಮದ ಹೊಳೆಗಳು ಗಿಡ್ಡ, ಜೋರು, ಜಲಪಾತದವು. ಪೂರ್ವದವು ಉದ್ದ, ನಿಧಾನ, ಬಳುಕುತ್ತಾ ಹೋಗುವವು. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಸಮುದ್ರಕ್ಕೆ ಅಷ್ಟು ಹತ್ತಿರ ಇದ್ದೂ ಅದಕ್ಕೆ ಬೆನ್ನು ಹಾಕಿ, ಯಗಚಿಯನ್ನು ಸೇರಿಸಿಕೊಂಡು ಕಾವೇರಿಯ ಕಡೆ ನಡೆಯುತ್ತದೆ. ಜಗಲಿ ಹಿಂದಕ್ಕೆ ವಾಲಿದೆಯಲ್ಲ, ಅದಕ್ಕೆ.

ಹಂತ 6: ಈಗ ರಾಜಧಾನಿ

ಹೊಯ್ಸಳರ ದಾರಿ ನೋಡಿ. ಮೊದಲ ನೆಲೆ ಸೊಸೆವೂರು, ಇವತ್ತಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನ ದಟ್ಟ ಮಲೆನಾಡು. ಆಮೇಲೆ ಬೇಲೂರು, ಯಗಚಿಯ ದಡ. ಆಮೇಲೆ ದೋರಸಮುದ್ರ, ಅಂದರೆ ಹಳೇಬೀಡು. ಪ್ರತಿ ಹೆಜ್ಜೆಯೂ ಪೂರ್ವಕ್ಕೆ, ಒದ್ದೆಯಿಂದ ಒಣ ನೆಲಕ್ಕೆ. ಕಾಡು ಬಚ್ಚಿಟ್ಟುಕೊಳ್ಳೋಕೆ ಸರಿ. ಆದರೆ ತೆರಿಗೆ ಕಟ್ಟುವ ಊರುಗಳು, ಕುದುರೆ ಓಡುವ ಬಯಲು, ಮಳೆಗೆ ಕೊಳೆಯದ ಕಣಜ ಇವೆಲ್ಲ ಬೇಕಾದಾಗ ಅರೆಮಲೆನಾಡಿನ ಅಂಚಿಗೇ ಬರಬೇಕು. ಇದು ನನ್ನ ಓದು, ಇತಿಹಾಸಕಾರರು ಬೇರೆ ಕಾರಣಗಳನ್ನೂ ಕೊಡಬಹುದು. ಕಥೆಗಾರನಿಗೆ ಈ ಕಾರಣ ಸಾಕು.

ಇನ್ನೊಂದು ಸೋಜಿಗ: ಹಳೇಬೀಡಿನಲ್ಲಿ ದೊಡ್ಡ ಹೊಳೆಯೇ ಇಲ್ಲ. ಇರುವುದು ಕೆರೆ. ರಾಜಧಾನಿಯ ಹೆಸರಲ್ಲೇ ಸಮುದ್ರ ಇದೆ, ಅದು ಆ ಕೆರೆಯದ್ದು. "ರಾಜಧಾನಿ ಎಂದರೆ ನದಿ ದಂಡೆ" ಎಂದು ಯಾರಾದರೂ ಹೇಳಿದರೆ ಹಳೇಬೀಡಿಗೆ ಕರೆದುಕೊಂಡು ಹೋಗಿ.

ಕೆರೆ ಸಾಕಾಗುತ್ತದಾ? ಲೆಕ್ಕ ಹಾಕೋಣ, ಕಷ್ಟ ಏನಿಲ್ಲ. ಒಂದು ಹೆಕ್ಟೇರ್ ನೆಲಕ್ಕೆ 700 ಮಿ.ಮೀ. ಮಳೆ ಬಿದ್ದರೆ 70 ಲಕ್ಷ ಲೀಟರ್ ನೀರು. ಹತ್ತರಲ್ಲಿ ಒಂದು ಪಾಲು ಹರಿದು ಕೆರೆಗೆ ಬಂತು ಎಂದುಕೊಂಡರೆ 7 ಲಕ್ಷ. ಅರ್ಧ ಬಿಸಿಲಿಗೆ ಹೋಯಿತು ಎಂದಿಟ್ಟುಕೊಳ್ಳಿ, ಉಳಿದದ್ದು ಮೂರೂವರೆ ಲಕ್ಷ. ಒಬ್ಬರಿಗೆ ದಿನಕ್ಕೆ 20 ಲೀಟರ್ ಎಂದರೆ ವರ್ಷಕ್ಕೆ 7,300. ಇಪ್ಪತ್ತು ಸಾವಿರ ಜನರ ಊರಿಗೆ ಸುಮಾರು 4 ಚದರ ಕಿ.ಮೀ. ಜಲಾನಯನ ಸಾಕು. ಇಷ್ಟೇನಾ ಅನ್ನಿಸಿತಾ? ನನಗೂ ಅನ್ನಿಸಿತ್ತು. ಆಮೇಲೆ ಭತ್ತದ ಲೆಕ್ಕ ಹಾಕಿದೆ. ಒಂದು ಬೆಳೆಗೆ 1200 ಮಿ.ಮೀ. ನೀರು ಎಂದುಕೊಂಡರೆ ಒಂದು ಹೆಕ್ಟೇರ್ ಗದ್ದೆ 1.2 ಕೋಟಿ ಲೀಟರ್ ಕುಡಿಯುತ್ತದೆ. ಸಾವಿರದ ಆರುನೂರು ಜನರ ಒಂದು ವರ್ಷದ ನೀರು! ಅಂದರೆ ಕೆರೆ ಬತ್ತಿಸುವುದು ಊರಲ್ಲ, ಊರಿನ ಅನ್ನ. ನನ್ನ ಕಾದಂಬರಿಯ ಅರಮನೆ ಜಗಳವೆಲ್ಲ ಈ ಒಂದು ಲೆಕ್ಕದಿಂದ ಹುಟ್ಟಿತು. ತೂಬು, ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು, ಅದನ್ನು ಎತ್ತುವ ಅಧಿಕಾರ ಯಾರದ್ದು? ಕೋಟೆಗೆ ತೂಬಿನ ಹೆಸರು ಬಂದದ್ದೂ ಅಲ್ಲಿಂದಲೇ.

ಜಾಗ ಆರಿಸುವಾಗ ಹೀಗೆ ಮಾಡಿ. ಅರೆಮಲೆನಾಡಿನ ಪಟ್ಟಿಯಲ್ಲಿ ಎರಡು ಗುಡ್ಡ ಹತ್ತಿರ ಬರುವ ಕಡೆ ಕೆರೆಯ ಏರಿ, ಅಂದರೆ ನೀರು ತಡೆಯುವ ಮಣ್ಣಿನ ಒಡ್ಡು, ಕಟ್ಟಿ. ಏರಿ ಆದಷ್ಟು ಗಿಡ್ಡ, ಅದರ ಹಿಂದಿನ ಬೋಗುಣಿ ಆದಷ್ಟು ದೊಡ್ಡದು ಇರಲಿ. ಬಾಬಾಬುಡನ್ ಸಾಲಿನ ಬುಡದ ಅಯ್ಯನಕೆರೆ ಇದಕ್ಕೆ ಒಳ್ಳೆಯ ಮಾದರಿ. ಅರಮನೆ ದಿಣ್ಣೆಯ ಮೇಲೆ ಇರಲಿ, ಗದ್ದೆ ಏರಿಯ ಕೆಳಗೆ, ತೆಂಗು ಅಡಿಕೆ ಗದ್ದೆಯ ಅಂಚಿಗೆ, ರಾಗಿ ಹೊಲ ಮೇಲೆ. ಗದ್ದೆ ಬರೆಯದೆ ಬರೀ ಗೋಪುರ ಬರೆದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಅಂಚಿನ ಊರಿಗೆ ಒಂದು ದೌರ್ಬಲ್ಯವೂ ಇರುತ್ತದೆ. ಪಶ್ಚಿಮಕ್ಕೆ ಘಟ್ಟದ ಕಾವಲು, ಪೂರ್ವಕ್ಕೆ ಬಾಗಿಲೇ ಇಲ್ಲ. 1311ರಲ್ಲಿ ದೆಹಲಿ ಸುಲ್ತಾನನ ದಳಪತಿ ಮಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದದ್ದು ಕಾಡು ಹಾಯ್ದು ಅಲ್ಲ, ಉತ್ತರದ ಬಯಲಿನಿಂದ. ನಿಮ್ಮ ಕಥೆಯ ಶತ್ರುವನ್ನೂ ಬಯಲಿನ ಕಡೆಯಿಂದಲೇ ಕರೆಸಿ.

ಹಂತ 7: ಊರಿಗೆ ಮೈ ಕೊಡುವ ಕಲ್ಲು

981ರಲ್ಲಿ ನಿಂತ ಗೊಮ್ಮಟನಿಗೆ 57 ಅಡಿಗೂ ಜಾಸ್ತಿ ಎತ್ತರ. ಮೈಮೇಲೆ ಒಡವೆ ಇಲ್ಲ, ಜರತಾರಿ ಇಲ್ಲ. ವಿರಾಗಿಗೆ ಒಡವೆ ಯಾಕೆ ಅನ್ನಿ. ಆದರೆ ಕಲ್ಲೂ ಅದಕ್ಕೆ ಒಪ್ಪುವಂಥದ್ದು, ಗ್ರಾನೈಟ್ ದೊಡ್ಡ ನುಣುಪು ಆಕಾರಕ್ಕೆ ಹೇಳಿ ಮಾಡಿಸಿದ್ದು. 1117ರ ಬೇಲೂರಿಗೆ ಬನ್ನಿ. ಅಲ್ಲಿ ಕಲ್ಲಿನ ಬಳೆ ತೂಗುತ್ತದೆ, ಕೂದಲ ಎಳೆ ಕಾಣುತ್ತದೆ. ಅದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಇದ್ದಷ್ಟೂ ಗಟ್ಟಿ. ಎರಡು ಊರಿಗೂ ನಡುವೆ ಬಸ್ಸಿನಲ್ಲಿ ಒಂದು ದಿನದ ಪ್ರಯಾಣವೂ ಇಲ್ಲ, ಆದರೆ ಕಲ್ಲು ಬೇರೆ, ಉಳಿ ಬೇರೆ, ಕೈಚಳಕವೂ ಬೇರೆ.

ನಿಮ್ಮ ರಾಜಧಾನಿಯಿಂದ ಎತ್ತಿನ ಗಾಡಿಯ ಎರಡು ದಿನದ ದೂರದಲ್ಲಿ ಯಾವ ಕಲ್ಲಿದೆ? ಗೋಡೆ, ಗುಡಿ, ಮೆಟ್ಟಿಲು ಅದರದ್ದೇ. ಅಮೃತಶಿಲೆಯ ಅರಮನೆ ಬೇಕಿದ್ದರೆ ಅದನ್ನು ತರಿಸೋಕೆ ಖಜಾನೆ ಬರಿದಾದ ಕಥೆಯೂ ಬರೆಯಬೇಕಾಗುತ್ತದೆ.

ಹಂತ 8: ದಾರಿ

ಗಾಡಿ ಗಂಟೆಗೆ 3 ಕಿ.ಮೀ. ಹೋಗುತ್ತದೆ ಎಂದು ಹಿಡಿಯಿರಿ, ಘಟ್ಟದಲ್ಲಿ ಅದೂ ಇಲ್ಲ. ಘಟ್ಟ ಹತ್ತುವ ದಾರಿ ಎರಡೋ ಮೂರೋ ಇರಲಿ, ಹೆಚ್ಚು ಬೇಡ. ನಮ್ಮಲ್ಲೂ ಶಿರಾಡಿ, ಚಾರ್ಮಾಡಿ, ಬಿಸಿಲೆ ಎಂದು ಬೆರಳಲ್ಲಿ ಎಣಿಸುವಷ್ಟೇ. ದಾರಿ ಕಡಿಮೆ ಇದ್ದಾಗಲೇ ಅದನ್ನು ಕಾಯುವ ಕೋಟೆಗೆ ಬೆಲೆ. ಸಕಲೇಶಪುರದ ಪಕ್ಕದ ಗುಡ್ಡದ ಮೇಲೆ ಟಿಪ್ಪು 1792ರಲ್ಲಿ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ್ದು ಸುಮ್ನೆ ಅಲ್ಲ. ಮಂಗಳೂರಿನ ದಾರಿ ಅದರ ಕಣ್ಣ ಕೆಳಗೇ ಹೋಗುತ್ತದೆ. ಘಟ್ಟ ಎಷ್ಟು ಹಟಮಾರಿ ಎಂದು ತಿಳಿಯಬೇಕಾದರೆ ಸಕಲೇಶಪುರ–ಸುಬ್ರಹ್ಮಣ್ಯ ರೈಲು ನೋಡಿ: 55 ಕಿ.ಮೀ.ಗೆ 57 ಸುರಂಗ, 109 ಸೇತುವೆ.

ಹಂತ 9: ಬೆಳೆ ಮತ್ತು ಆಪತ್ತು

ಬೆಳೆ ಬರೆಯುವಾಗ ಕಾಲ ನೋಡಿಕೊಳ್ಳಿ. ಹಾಸನ ಎಂದರೆ ಆಲೂಗಡ್ಡೆ, ಚಿಕ್ಕಮಗಳೂರು ಎಂದರೆ ಕಾಫಿ, ನಿಜ. ಆದರೆ ಹೊಯ್ಸಳರಿಗೆ ಎರಡೂ ಗೊತ್ತಿರಲಿಲ್ಲ. ಕಾಫಿ ಬಂದದ್ದು 17ನೇ ಶತಮಾನದಲ್ಲಿ ಬಾಬಾಬುಡನ್ ತಂದ ಏಳು ಬೀಜದಿಂದ ಎಂಬುದು ಪ್ರತೀತಿ. ಆಲೂಗಡ್ಡೆ, ಮೆಣಸಿನಕಾಯಿ ಯುರೋಪಿನವರ ಹಡಗಿನ ಜೊತೆ ಬಂದವು. ಹಳೇ ಕಾಲದ ರಾಜನಿಗೆ ಆಲೂ ಪಲ್ಯ ಬಡಿಸಬೇಡಿ. ನಾನು ಬಡಿಸಿದ್ದೆ, ಎರಡನೇ ಅಧ್ಯಾಯದಲ್ಲಿ.

ಆಪತ್ತೂ ನೆಲಕ್ಕೆ ಹೊಂದಬೇಕು. ಹಳೆಯ ಗಟ್ಟಿ ನೆಲದಲ್ಲಿ ನಗರವನ್ನೇ ನುಂಗುವ ಭೂಕಂಪಕ್ಕಿಂತ ದರೆ ಕುಸಿಯುವುದು ಸಹಜ. 2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿ ರಸ್ತೆಯೂ ಹೋಯಿತು, ರೈಲೂ ನಿಂತಿತು. ಕಡಿದಾದ ಬರೆ, ದಪ್ಪ ಮಣ್ಣು, ಬಿಡದ ಮಳೆ ಮೂರೂ ಸೇರಿದ ಕಡೆ ನಕ್ಷೆಯಲ್ಲಿ ಕೆಂಪು ಚುಕ್ಕಿ ಇಡಿ. ಅದು ಘಟ್ಟದ ದಾರಿಯ ಮೇಲೇ ಬಂದು ಕೂರುತ್ತದೆ, ನೋಡಿ. ಬಯಲಿನ ಕಡೆಗೆ ಬರ ಇಡಿ. ಒಂದೇ ರಾಜ್ಯದ ಒಂದು ತುದಿಯಲ್ಲಿ ಮಳೆ ನಿಲ್ಲಲಿ ಎಂದು ಹರಕೆ, ಇನ್ನೊಂದು ತುದಿಯಲ್ಲಿ ಬರಲಿ ಎಂದು ಹರಕೆ.

ಹಂತ 10: ಹೆಸರು

ಹೆಸರನ್ನು ನೆಲದಿಂದ ಎತ್ತಿಕೊಳ್ಳಿ. ಬಯಲಿನ ಕಡೆ ಕೆರೆ, ಗೆರೆ, ಸಮುದ್ರ, ಹಳ್ಳಿ. ಮಲೆಯ ಕಡೆ ಕೊಪ್ಪ, ಮಕ್ಕಿ, ಹಡ್ಲು, ಕಾನು, ಗಿರಿ. ನಕ್ಷೆಯಲ್ಲಿ ಎಡದಿಂದ ಬಲಕ್ಕೆ ಹೋದ ಹಾಗೆ ಹೆಸರಿನ ಬಾಲವೂ ಬದಲಾಗಲಿ. ಓದುಗರಿಗೆ ಯಾಕೆಂದು ತಿಳಿಯದಿದ್ದರೂ ಮಳೆ ಕಡಿಮೆಯಾದದ್ದು ಕಿವಿಗೆ ಗೊತ್ತಾಗುತ್ತದೆ.

ಹಂತ 11: ನಡೆದು ನೋಡಿ

ನಕ್ಷೆ ಮುಗಿದ ಮೇಲೆ ಮೂರು ಜನರನ್ನು ಅದರ ಮೇಲೆ ನಡೆಸಿ. ಒಬ್ಬ ಉಪ್ಪಿನ ವ್ಯಾಪಾರಿ, ಕರಾವಳಿಯಿಂದ ರಾಜಧಾನಿಗೆ, ಎತ್ತಿನ ಹೇರಿನ ಜೊತೆ. ಒಬ್ಬಳು ಹೆಂಗಸು, ಕೆರೆಯಿಂದ ಮನೆಗೆ, ತಲೆ ಮೇಲೆ ಕೊಡ. ಒಬ್ಬ ಓಲೆಕಾರ, ಪುಷ್ಯ ಮಳೆಯಲ್ಲಿ, ಹೊಳೆ ದಾಟಬೇಕು. ಎಷ್ಟು ದಿನ, ಎಲ್ಲಿ ಊಟ, ಎಲ್ಲಿ ನೀರು, ದೋಣಿ ಇದೆಯಾ, ಇಲ್ಲದಿದ್ದರೆ ಎಷ್ಟು ದಿನ ದಡದಲ್ಲಿ ಕೂರಬೇಕು? ಉತ್ತರ ಸಿಗದ ಕಡೆ ರಬ್ಬರ್ ತಗೊಂಡು ಅಳಿಸಿ.

ಹೊಸ ನಕ್ಷೆಯನ್ನು ಹೋದ ಜುಲೈನಲ್ಲಿ ಚಿಕ್ಕಪ್ಪನಿಗೆ ತೋರಿಸಿದೆ. ಹೊರಗೆ ಮಳೆ, ಕರೆಂಟ್ ಇರಲಿಲ್ಲ. ಟಾರ್ಚ್ ಹಿಡಿದು ಹೊಳೆಗಳ ಮೇಲೆ ಬೆರಳು ಎಳೆಯುತ್ತಾ ಹೋದರು, ನೆತ್ತಿಯ ಗೆರೆಯಿಂದ ಕೆರೆಯವರೆಗೆ, ಕೆರೆಯಿಂದ ಗದ್ದೆಯವರೆಗೆ. ಎಲ್ಲೂ ನಿಲ್ಲಿಸಲಿಲ್ಲ. ಕೊನೆಗೆ ತೂಬಿನಕೋಟೆಯ ಏರಿಯ ಮೇಲೆ ಬೆರಳು ನಿಂತಿತು. "ಕೋಡಿ ಎಲ್ಲಿ? ಈ ಮಳೆಗೆ ನಾಳೆ ಬೆಳಿಗ್ಗೆ ಏರಿ ಒಡೆಯುತ್ತೆ" ಅಂದರು.

ಪೆನ್ಸಿಲ್ ತಗೊಂಡು ಏರಿಯ ಬಲಕ್ಕೆ ಕೋಡಿ ಬರೆದೆ.